ಜೀರೋ ಟಿಕೆಟ್ಟಿನಲ್ಲಿ ಕಾವೇರಿ ದಂಡೆ

ಪರೀಕ್ಷೆಗೆ ಮುಂಚೆ ಓದಿಕೊಳ್ಳಲಿ ಅಂತ ಕಾಲೇಜಿನಲ್ಲಿ ರಜೆ ಕೊಡುತ್ತಾರೆ. ಹಾಸ್ಟೆಲಿನಲ್ಲಿ ಬೆಳಗ್ಗೆ ಹೇಗೋ ಓದಬಹುದು. ಮಧ್ಯಾಹ್ನದ ಮೇಲೆ ಸಾಧ್ಯವೇ ಇಲ್ಲ. ಪಕ್ಕದ ರೂಮಿನವಳು ಜೋರಾಗಿ ಬಾಯಿಪಾಠ ಮಾಡುತ್ತಿರುತ್ತಾಳೆ, ಇನ್ನೊಬ್ಬಳು ಫೋನಿನಲ್ಲಿ ಜಗಳ, ಕಾರಿಡಾರಿನಲ್ಲಿ ಬಕೆಟ್ ಸದ್ದು. ಸಂಕ್ರಾಂತಿ ಕಳೆದ ಮೇಲೆ ಬಂದ ಈ ರಜೆಯಲ್ಲಿ ನಾನೂ ರೂಮ್‌ಮೇಟೂ ಒಂದು ಒಪ್ಪಂದಕ್ಕೆ ಬಂದೆವು. ಊಟ ಆದ ಕೂಡಲೇ ಪುಸ್ತಕ ಚೀಲಕ್ಕೆ ಹಾಕಿಕೊಂಡು ನದಿ ಕಡೆ ಹೊರಟುಬಿಡುವುದು. ಅಲ್ಲೇ ಓದುವುದು.

ಕಾಲೇಜಿನಿಂದ ಶ್ರೀರಂಗಪಟ್ಟಣಕ್ಕೆ ಬಸ್ಸಿನಲ್ಲಿ ಸ್ವಲ್ಪವೇ ದೂರ. ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚೂ ಇಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ಆಧಾರ್ ತೋರಿಸಿದರೆ ಕಂಡಕ್ಟರ್ ಜೀರೋ ಟಿಕೆಟ್ ಹರಿದು ಕೊಡುತ್ತಾರೆ. ತಿಂಗಳ ಕೊನೆಯಲ್ಲೂ ತಿರುಗಾಡುವ ಧೈರ್ಯ ಬಂದಿದ್ದು ಇದರಿಂದಲೇ.

ನಾನು ಚಳ್ಳಕೆರೆ ಕಡೆಯವಳು. ನಮ್ಮಲ್ಲಿ ವೇದಾವತಿ ಇದೆ, ಆದರೆ ಅದರಲ್ಲಿ ನೀರಿಗಿಂತ ಮರಳೇ ಜಾಸ್ತಿ. 2022ರಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ನೋಡಲಿಕ್ಕೆ ಜನ ಟ್ರ್ಯಾಕ್ಟರ್ ಮಾಡಿಕೊಂಡು ಹೋಗಿದ್ದರು. 1933ರ ನಂತರ ಕೋಡಿ ಬಿದ್ದಿದ್ದು ಅದೇ ಮೊದಲು. ರೂಮ್‌ಮೇಟ್ ಕುಶಾಲನಗರದವಳು. ಅವಳಿಗೆ ಕಾವೇರಿ ಅಂದರೆ ದಿನಾ ಕಾಣುವ ಹೊಳೆ. ನಾನು ಸೇತುವೆ ಬಂದಾಗೆಲ್ಲ ಬಸ್ಸಿನ ಕಿಟಕಿಗೆ ಅಂಟಿಕೊಂಡರೆ ಅವಳು ಇಯರ್‌ಫೋನ್ ಕೂಡ ತೆಗೆಯುವುದಿಲ್ಲ. ಇಬ್ಬರೂ ಸಿವಿಲ್ ಎಂಜಿನಿಯರಿಂಗ್. ಮೊದಲ ಪೇಪರೇ ಹೈಡ್ರಾಲಿಕ್ಸ್. ನೀರಿನ ಪಕ್ಕ ಕೂತು ನೀರಿನ ವಿಷಯ ಓದಿದರೆ ಪುಣ್ಯ ಬರುತ್ತೆ ಅಂತ ಅವಳ ವಾದ.

ಓದಲು ಜಾಗ ಹುಡುಕುವಾಗ ನಮ್ಮದು ಮೂರು ಬೇಡಿಕೆ. ನೆರಳು ಇರಬೇಕು. ಕೂತಲ್ಲಿಂದ ನೀರು ಕಾಣಬೇಕು. ಇಬ್ಬರು ಹುಡುಗಿಯರು ಇಲ್ಲಿ ಯಾಕೆ ಕೂತಿದ್ದೀರಿ ಅಂತ ಯಾರೂ ಬಂದು ಕೇಳಬಾರದು. ಮೂರನೆಯದು ಸಿಗುವುದೇ ಕಷ್ಟ.

ಶನಿವಾರ

ಶ್ರೀರಂಗಪಟ್ಟಣ ಒಂದು ದ್ವೀಪ ಅನ್ನುವುದು ಊರೊಳಗೆ ನಿಂತರೆ ಗೊತ್ತಾಗುವುದೇ ಇಲ್ಲ. ಕಾವೇರಿ ಊರಿನ ಪಶ್ಚಿಮಕ್ಕೆ ಎರಡಾಗಿ ಒಡೆದು, ಎರಡೂ ಕಡೆಯಿಂದ ಬಳಸಿ, ಪೂರ್ವದಲ್ಲಿ ಮತ್ತೆ ಒಂದಾಗುತ್ತಾಳೆ. ನಾವು ಉತ್ತರದ ಕವಲಿನ ಕಡೆ, ಕಿರಂಗೂರಿನ ದಾರಿ ಹಿಡಿದು ನಡೆದೆವು. ವೆಲ್ಲೆಸ್ಲಿ ಸೇತುವೆ ಸಿಕ್ಕಿತು.

ಇದನ್ನು ಕಟ್ಟಿಸಿದ್ದು ದಿವಾನ್ ಪೂರ್ಣಯ್ಯ, 1804ರಲ್ಲಿ. ಆಗಿನ ಗವರ್ನರ್ ಜನರಲ್ ಹೆಸರು ಇಟ್ಟರು. ಸೇತುವೆ ಅಂದ ಕೂಡಲೇ ಕಮಾನು ನೆನಪಾಗುತ್ತದೆ ಅಲ್ವಾ? ಇಲ್ಲಿ ಕಮಾನಿಲ್ಲ. ಸಾಲು ಸಾಲು ಕಲ್ಲಿನ ಕಂಬ, ಮೇಲೆ ಕಲ್ಲಿನದೇ ತೊಲೆ, ಅದರ ಮೇಲೆ ರಸ್ತೆ. ಹೊಳೆಗೆ ತೀರಾ ಹತ್ತಿರ ಕಟ್ಟಿದ್ದಾರೆ. ಮೇಲಿನ ಕೃಷ್ಣರಾಜ ಸಾಗರ (ಕೆಆರ್‌ಎಸ್) ಅಣೆಕಟ್ಟಿನಿಂದ ಜಾಸ್ತಿ ನೀರು ಬಿಟ್ಟಾಗ ಇದರ ಮೇಲೆ ಓಡಾಟ ನಿಲ್ಲಿಸುತ್ತಾರೆ. ನೀರು ಇಳಿದ ಮೇಲೆ ಕಂಬಗಳು ಮತ್ತೆ ಹಾಗೇ ನಿಂತಿರುತ್ತವೆ. ಇನ್ನೂರು ವರ್ಷ ದಾಟಿದೆ.

ಸೇತುವೆಯ ಪಕ್ಕ ದಂಡೆಗೆ ಇಳಿದರೆ ಒಂದು ದೊಡ್ಡ ಹೊಳೆಮತ್ತಿ ಮರ. ಈ ಮರ ಕಾವೇರಿ ಉದ್ದಕ್ಕೂ ಇದೆ. ನುಣ್ಣನೆಯ ಬಿಳಿಚು ತೊಗಟೆ, ಅರ್ಧ ಬೇರು ಗಾಳಿಯಲ್ಲೇ. ಬೇರಿನ ನಡುವೆ ಒಬ್ಬರು ಕೂರುವಷ್ಟು ಜಾಗ. ತಲೆ ಎತ್ತಿ ನೋಡಿದರೆ, ನಮ್ಮ ಕೈಗೆ ಎಟುಕದಷ್ಟು ಮೇಲಿನ ಕೊಂಬೆಗೆ ಒಣಹುಲ್ಲು, ಪ್ಲಾಸ್ಟಿಕ್ ಚೀಲ, ಒಂದು ಸೀರೆಯ ತುಂಡು ಸುತ್ತಿಕೊಂಡಿದ್ದವು. ಯಾರೋ ಎಸೆದದ್ದಲ್ಲ. ಹಿಂದಿನ ಮಳೆಗಾಲದಲ್ಲಿ ನೀರು ಅಲ್ಲಿವರೆಗೆ ಬಂದು ಬಿಟ್ಟುಹೋದ ಗುರುತು. ನಾವು ಕೂತ ಜಾಗದಲ್ಲಿ ಆಗ ಆನೆಯೂ ಮುಳುಗುತ್ತಿತ್ತೇನೋ.

ಈಗ ಜನವರಿ. ಹೊಳೆ ತುಂಬ ಬಂಡೆ, ನಡುನಡುವೆ ಹರಿವು. ಒಂದು ನೀರುಕಾಗೆ ಬಂಡೆ ಮೇಲೆ ರೆಕ್ಕೆ ಬಿಚ್ಚಿಕೊಂಡು ಒಣಗಿಸುತ್ತಿತ್ತು. ರೂಮ್‌ಮೇಟ್ ಒಂದು ಒಣಗಿದ ಹೊಂಗೆಕಾಯಿ ಹುಡುಕಿ ತಂದಳು. ಸೇತುವೆಯ ಮೇಲಿನ ಬದಿಯಿಂದ ಅದನ್ನು ಬಿಟ್ಟು, ಒಂದು ಗುರುತಿನಿಂದ ಇನ್ನೊಂದಕ್ಕೆ ಎಷ್ಟು ಸೆಕೆಂಡು ಅಂತ ಫೋನಿನಲ್ಲಿ ನೋಡುವುದು. ಹರಿವಿನ ವೇಗ ಅಳೆಯುವ ಫ್ಲೋಟ್ ವಿಧಾನ ಅಂದರೆ ಇಷ್ಟೇ. ಮೇಲ್ಮೈಯ ವೇಗವನ್ನು ಸುಮಾರು 0.85ರಿಂದ ಗುಣಿಸಿದರೆ ಸರಾಸರಿ ವೇಗ. ಮೇಲೆ ನೀರು ಓಡುತ್ತದೆ, ತಳದಲ್ಲಿ ಕಲ್ಲಿಗೆ ಉಜ್ಜಿ ನಿಧಾನವಾಗುತ್ತದೆ. ತರಗತಿಯಲ್ಲಿ ಬೋರ್ಡಿನ ಮೇಲೆ ನೋಡಿದಾಗ ಈ 0.85 ಎಲ್ಲಿಂದ ಬಂತು ಅಂತ ಯಾರೂ ಕೇಳಿರಲಿಲ್ಲ. ಇಲ್ಲಿ ನಮ್ಮ ಹೊಂಗೆಕಾಯಿ ಮೊದಲ ಸಲ ಬಂಡೆಗೆ ಸಿಕ್ಕಿಹಾಕಿಕೊಂಡಿತು, ಆಮೇಲೆ ಒಬ್ಬ ಹುಡುಗ ಅದನ್ನು ಮೀನು ಅಂತ ತಿಳಿದು ಹಿಡಿಯಲು ಬಂದ. ಆಚೆ ಬಟ್ಟೆ ಒಗೆಯುತ್ತಿದ್ದ ಅಜ್ಜಿ ನಮ್ಮನ್ನೇ ನೋಡಿ ನೋಡಿ, ಕೊನೆಗೆ ಏನಾದರೂ ಬಿದ್ದು ಹೋಯ್ತೇನಮ್ಮಾ ಅಂತ ಕೇಳಿದರು. ಇಲ್ಲ ಅಜ್ಜಿ, ಓದ್ತಾ ಇದ್ದೀವಿ ಅಂದೆವು. ಅವರು ಮತ್ತೆ ಏನೂ ಕೇಳಲಿಲ್ಲ.

ಭಾನುವಾರ

ಭಾನುವಾರ ಸಂಗಮಕ್ಕೆ ಹೋಗಬಾರದು. ಹೋದೆವು.

ದ್ವೀಪದ ಪೂರ್ವದ ತುದಿ, ಗಂಜಾಂ ದಾಟಿದ ಮೇಲೆ. ಎರಡು ಕವಲು ಮತ್ತೆ ಕೂಡುವ ಜಾಗ. ವಾರದ ದಿನ ಹೇಗಿರುತ್ತೋ ಗೊತ್ತಿಲ್ಲ, ಅವತ್ತು ಮಾತ್ರ ಟೆಂಪೋ ಟ್ರಾವೆಲರ್‌ಗಳೇ ಸಾಲುಗಟ್ಟಿ ನಿಂತಿದ್ದವು. ಮೆಟ್ಟಿಲ ಮೇಲೆ ಒದ್ದೆ ಬಟ್ಟೆ, ಕರ್ಪೂರದ ವಾಸನೆ, ಚುರುಮುರಿ ಗಾಡಿ, ಹರಿಗೋಲಿಗೆ ಕೂಗುವವರು. ಹರಿಗೋಲನ್ನು ನಡುನೀರಿಗೆ ಒಯ್ದು ಗಿರಗಿರ ಸುತ್ತಿಸುತ್ತಾರೆ, ಒಳಗಿದ್ದವರು ಕಿರುಚುತ್ತಾರೆ, ಹತ್ತದೆ ದಡದಲ್ಲಿ ನಿಂತವರು ಇನ್ನೂ ಜೋರಾಗಿ ಕಿರುಚುತ್ತಾರೆ. ನಿಮಿಷಾಂಬ ದೇವಸ್ಥಾನದ ಕ್ಯೂ ನೋಡಿ ಹೊರಗಿನಿಂದಲೇ ಕೈ ಮುಗಿದೆವು. ಪುಸ್ತಕ ಚೀಲದಿಂದ ಹೊರಗೆ ಬರಲಿಲ್ಲ. ಚುರುಮುರಿ ಚೆನ್ನಾಗಿತ್ತು.

ಸೋಮವಾರ

ಉದ್ಯಾನ ಅಂದರೆ ಹುಲ್ಲುಹಾಸು, ಬೆಂಚು, ಸಾಲು ಮರ ಇರಬೇಕು ಅಂತ ರೂಮ್‌ಮೇಟ್ ಹಟ ಹಿಡಿದಳು. ಹಾಗಾಗಿ ದರಿಯಾ ದೌಲತ್. ಟಿಕೆಟ್ ಇದೆ, ಆದರೆ ವಿದ್ಯಾರ್ಥಿಗೂ ಹೊರೆ ಅನ್ನಿಸದಷ್ಟು.

1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ. ಬಹುಪಾಲು ತೇಗದ ಮರ. ಬಿಸಿಲಿಗೆ ಬಣ್ಣ ಮಾಸದಿರಲಿ ಅಂತ ಸುತ್ತಲೂ ಹಸಿರು ಪರದೆ ಇಳಿಬಿಟ್ಟಿದ್ದಾರೆ. ಪರದೆ ಒಳಗೆ ಹೋದರೆ ಕಣ್ಣು ಹೊಂದಿಕೊಳ್ಳಲು ಒಂದು ನಿಮಿಷ ಬೇಕು. ಆಮೇಲೆ ಗೋಡೆಯೆಲ್ಲ ಕುದುರೆ. 1780ರ ಪೊಲ್ಲಿಲೂರು ಯುದ್ಧದ ಚಿತ್ರ ಪಶ್ಚಿಮದ ಗೋಡೆಯಲ್ಲಿದೆ. ಕೆಂಪು ಕೋಟಿನ ಕಂಪನಿ ಸೈನಿಕರು ಚೌಕಾಕಾರದಲ್ಲಿ ಒತ್ತೊತ್ತಾಗಿ ನಿಂತಿದ್ದಾರೆ, ಅವರ ಮದ್ದಿನ ಬಂಡಿ ಸಿಡಿಯುತ್ತಿದೆ, ಸುತ್ತಲೂ ಮೈಸೂರಿನ ಸವಾರರು. ಚೌಕದ ನಡುವೆ ಪಲ್ಲಕ್ಕಿಯಲ್ಲಿ ಕೂತವನು ಕರ್ನಲ್ ಬೈಲಿ. ಅವನ ಮುಖ ನೋಡಿ, ಪೇಪರ್ ಕೊಟ್ಟ ಕೂಡಲೇ ನಮ್ಮ ಮುಖ ಹೀಗೇ ಆಗುತ್ತೆ ಅಂದಳು ರೂಮ್‌ಮೇಟ್.

ಹುಲ್ಲುಹಾಸು ಚೆನ್ನಾಗಿದೆ. ನೆರಳು ಬೇಕಾದಷ್ಟು. ನದಿ ಹಿಂದೆಯೇ ಇದೆ, ಕಾಣುವುದಿಲ್ಲ. ನದಿಯ ತಂಪಿಗೆ ಅಂತ ಕಟ್ಟಿದ ತೋಟದಲ್ಲಿ ಕೂತು ನದಿ ಎಲ್ಲಿ ಅಂತ ಹುಡುಕಬೇಕು. ಕಾವಲಿನವರು ಬಂದು ಹುಲ್ಲಿನ ಮೇಲೆ ಪುಸ್ತಕ ಹರಡಬೇಡಿ ಅಂದರು. ಎದ್ದೆವು.

ಊರೊಳಗೆ ವಾಪಸ್ ಬಂದು, ರಂಗನಾಥಸ್ವಾಮಿ ದೇವಸ್ಥಾನದಿಂದ ನಡೆಯುವಷ್ಟು ದೂರದಲ್ಲಿರುವ ಬೈಲಿ ಬಂದೀಖಾನೆಗೆ ಹೋದೆವು. ಚಿತ್ರದಲ್ಲಿ ನೋಡಿದ ಅದೇ ಬೈಲಿ. ಸೆರೆ ಸಿಕ್ಕವನು 1782ರಲ್ಲಿ ಈ ಊರಿನಲ್ಲೇ ಸತ್ತ. ಬಂದೀಖಾನೆ ನೆಲಮಟ್ಟಕ್ಕಿಂತ ಕೆಳಗಿದೆ. ಮೆಟ್ಟಿಲಿಳಿದು ಹೋದರೆ ಬಿಳಿ ಗಾರೆಯ ಕಮಾನು ಕೋಣೆ, ಗೋಡೆಯಲ್ಲಿ ಕೈದಿಗಳನ್ನು ಕಟ್ಟುತ್ತಿದ್ದ ಕಲ್ಲುಗಳು, ನೆಲದ ಮೇಲೆ ಒಂದು ಫಿರಂಗಿ. ಮೇಲಿನಿಂದ ಛಾವಣಿ ಒಡೆದು ಬಿದ್ದದ್ದಂತೆ. ಒಳಗೆ ತಂಪು. ಸೆರೆಮನೆ ಅನ್ನುವುದನ್ನು ಮರೆತರೆ ಮಧ್ಯಾಹ್ನ ನಿದ್ದೆಗೆ ಒಳ್ಳೆ ಜಾಗ. ಹೊರಗಿನ ಸಣ್ಣ ಹುಲ್ಲುಹಾಸಿನಲ್ಲಿ ಸಂಜೆವರೆಗೂ ಓದಿದೆವು. ಯಾರೂ ಏಳಿ ಅನ್ನಲಿಲ್ಲ. ಬೈಲಿಯ ಪುಣ್ಯ.

ಮಂಗಳವಾರ

ಹಾಸ್ಟೆಲಿನಲ್ಲೇ. ಕಾಲುವೆಯ ನೀರಿನ ವೇಗ ಕಂಡುಹಿಡಿಯುವ ಮ್ಯಾನಿಂಗ್ ಸೂತ್ರ, ಲೆಕ್ಕ, ಸಾರು ಅನ್ನ.

ಬುಧವಾರ

ರಂಗನತಿಟ್ಟಿಗೆ ಬೆಳಗ್ಗೆಯೇ ಹೋಗಬೇಕು. ಈ ಒಂದು ದಿನ ಓದನ್ನು ಸಂಜೆಗೆ ತಳ್ಳಿದೆವು. ಪಾಲಹಳ್ಳಿ ಕಡೆಯ ಬಸ್ಸಿನಲ್ಲಿ ಹೋಗಿ, ರಸ್ತೆಯಲ್ಲಿ ಇಳಿದು, ಒಳಗೆ ನಡೆದುಕೊಂಡು ಹೋದೆವು. ಎರಡೂ ಕಡೆ ಗದ್ದೆ, ನಾಲೆ.

ಇದು ಸಹಜವಾಗಿ ಆದ ಜಾಗ ಅಂತ ನಾನು ತಿಳಿದಿದ್ದೆ. ಅಲ್ಲ. 1640ರ ದಶಕದಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಅಡ್ಡಲಾಗಿ ಕಟ್ಟೆ ಹಾಕಿಸಿದರು. ಕಟ್ಟೆಯಿಂದ ನೀರಿನ ಮಟ್ಟ ಏರಿತು, ನದಿಯ ನಡುವಿನ ಎತ್ತರದ ಜಾಗಗಳು ತಿಟ್ಟುಗಳಾಗಿ ಉಳಿದವು. ಸುತ್ತಲೂ ನೀರು, ನೀರಿನಲ್ಲಿ ಮೊಸಳೆ. ಬೆಕ್ಕು, ನಾಯಿ, ಮನುಷ್ಯ ಯಾರೂ ಗೂಡಿನ ಹತ್ತಿರ ಸುಳಿಯುವಂತಿಲ್ಲ. ಹಕ್ಕಿಗಳಿಗೆ ಇನ್ನೇನು ಬೇಕು? ನೀರಾವರಿಗೆ ಕಟ್ಟಿದ್ದು ಬಾಣಂತಿ ಕೋಣೆಯಾಯಿತು. ಪಕ್ಷಿತಜ್ಞ ಸಲೀಂ ಅಲಿ ಇಲ್ಲಿಗೆ ಬಂದು ನೋಡಿ, ಇದನ್ನು ಕಾಪಾಡಬೇಕು ಅಂತ ಮೈಸೂರಿನ ಅರಸರ ಮನವೊಲಿಸಿದರು. 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು.

ದೋಣಿಗೆ ಬೇರೆ ಟಿಕೆಟ್. ಜೇಬಿಗೆ ಸ್ವಲ್ಪ ಭಾರವೇ, ಆದರೆ ದೋಣಿ ಹತ್ತದೆ ರಂಗನತಿಟ್ಟು ನೋಡಿದೆ ಅನ್ನುವುದರಲ್ಲಿ ಅರ್ಥವಿಲ್ಲ. ಹುಟ್ಟು ಹಾಕುವವರು ಒಂದೊಂದೇ ಹಕ್ಕಿ ತೋರಿಸುತ್ತಾ ಹೋದರು. ಹೆಜ್ಜಾರ್ಲೆ, ಹಾವಕ್ಕಿ, ಬಣ್ಣದ ಕೊಕ್ಕರೆ, ಚಮಚದ ಕೊಕ್ಕು. ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಬಾಯ್ಕಳಕ ಅನ್ನುವ ಕೊಕ್ಕರೆ. ದೋಣಿ ಅದರ ಬಂಡೆಯ ತೀರಾ ಹತ್ತಿರ ಹೋಯಿತು. ಕೊಕ್ಕು ಮುಚ್ಚಿಕೊಂಡೇ ಇದೆ, ಆದರೂ ನಡುವೆ ಸಂದಿ. ಸಂದಿಯಿಂದ ಆಚೆಯ ನೀರು ಕಾಣುತ್ತದೆ. ಮರಿಗಳಿಗೆ ಈ ಸಂದಿ ಇರುವುದಿಲ್ಲ, ಬೆಳೆದ ಮೇಲೆ ಬರುತ್ತದೆ. ಇದರ ಮುಖ್ಯ ಊಟ ಬಸವನಹುಳು. ಜಾರುವ ಚಿಪ್ಪನ್ನು ಹಿಡಿದು ಒಳಗಿನದನ್ನು ಎಳೆದು ತೆಗೆಯಲು ಈ ಕೊಕ್ಕು ಪಳಗಿದೆ.

ಮೊಸಳೆ ಬಂಡೆ ಮೇಲೆ ಬಾಯಿ ತೆರೆದುಕೊಂಡು ಮಲಗಿತ್ತು. ದೋಣಿಯಲ್ಲಿದ್ದ ಒಂದು ಮಗು ಅದಕ್ಕೆ ಹಸಿವಾಗಿದೆ ಅಂತ ಅಳಲು ಶುರು ಮಾಡಿತು. ಹಸಿವಲ್ಲ ಪುಟ್ಟಾ, ಮೈ ಕಾವು ಇಳಿಸಿಕೊಳ್ತಾ ಇದೆ ಅಂದರು ಹುಟ್ಟು ಹಾಕುವವರು. ಮಗು ನಂಬಲಿಲ್ಲ. ನನಗೂ ಪೂರ್ತಿ ಧೈರ್ಯ ಇರಲಿಲ್ಲ. ಕೈ ನೀರಿನಿಂದ ಒಳಗೆ ಇಟ್ಟುಕೊಂಡೆ.

ಕಲ್ಲಿನ ಮೇಲೆ, ಗೂಡೇ ಇಲ್ಲದೆ ಮೊಟ್ಟೆ ಇಡುವ ಹಕ್ಕಿಗಳೂ ಇಲ್ಲಿವೆ. ರಿವರ್ ಟರ್ನ್ ಹಾಗೇ ಮಾಡುತ್ತದೆ. ಮಟ್ಟ ಸ್ವಲ್ಪ ಏರಿದರೆ ಮೊಟ್ಟೆ ಹೋಯಿತು. ಮೇಲೆ ಕೆಆರ್‌ಎಸ್‌ನಲ್ಲಿ ಗೇಟು ಎಷ್ಟು ಎತ್ತಿದರು ಅನ್ನುವುದರ ಮೇಲೆ ಇಲ್ಲಿನ ಮರಿಗಳ ಹಣೆಬರಹ. ದೊಡ್ಡ ಪ್ರವಾಹದಲ್ಲಿ ತಿಟ್ಟುಗಳ ಮಣ್ಣೇ ಕೊಚ್ಚಿಹೋಗುತ್ತದೆ, ಮರಳಿನ ಚೀಲ ಪೇರಿಸಿ ಗಟ್ಟಿ ಮಾಡಿದ್ದಾರೆ ಅಂತ ದೋಣಿಯವರು ತೋರಿಸಿದರು. ಡಿಸ್ಚಾರ್ಜ್ ಅಂತ ನಾವು ಕ್ಯೂಸೆಕ್ ಲೆಕ್ಕ, ಅಂದರೆ ಸೆಕೆಂಡಿಗೆ ಎಷ್ಟು ಘನ ಅಡಿ ನೀರು ಅನ್ನುವ ಲೆಕ್ಕ, ಹಾಕುತ್ತೇವಲ್ಲ, ಅದರ ಕೊನೆಯಲ್ಲಿ ಒಂದು ಮೊಟ್ಟೆ ಇರಬಹುದು ಅಂತ ಯಾವ ಲೆಕ್ಕದಲ್ಲೂ ಬರೆದಿರುವುದಿಲ್ಲ.

ದಂಡೆಯುದ್ದಕ್ಕೂ ಬಿದಿರಿನ ನೆರಳು, ಬೆಂಚು, ಎದುರಿಗೇ ನೀರು. ನಮ್ಮ ಮೂರು ಬೇಡಿಕೆಗೂ ಪೂರ್ತಿ ಅಂಕ ಬಂದಿದ್ದು ಇಲ್ಲೇ. ಓದಿದೆವಾ? ಇಲ್ಲ. ಹಕ್ಕಿಗಳ ಗಲಾಟೆ ನಮ್ಮ ಹಾಸ್ಟೆಲಿಗಿಂತ ಜಾಸ್ತಿ.

ಗುರುವಾರ

ಬಲಮುರಿ. ಮೈಸೂರಿನಿಂದ ಕೆಆರ್‌ಎಸ್‌ಗೆ ಹೋಗುವ ರಸ್ತೆಯಿಂದ ಒಳಗೆ ತಿರುಗಬೇಕು. ಅಲ್ಲಿಂದ ಮುಂದೆ ಆಟೋ.

ಎಷ್ಟೋ ಜನ ಬಲಮುರಿ ಫಾಲ್ಸ್ ಅನ್ನುತ್ತಾರೆ. ಇದು ಜಲಪಾತ ಅಲ್ಲ. ನದಿಗೆ ಅಡ್ಡ ಕಟ್ಟಿದ ಹಳೆಯ ಅಣೆಕಟ್ಟೆ, ಅದರ ಮೇಲಿಂದ ನೀರು ಹಾಳೆಯಾಗಿ ಇಳಿಯುತ್ತದೆ. ನೀರು ಕಡಿಮೆ ಇರುವಾಗ ಕಾಲು ಮುಳುಗುವಷ್ಟೂ ಇರುವುದಿಲ್ಲ. ಜನ ಅದರೊಳಗೇ ಕೂತುಬಿಡುತ್ತಾರೆ. ಅಂಗಿ ಒದ್ದೆ ಮಾಡಿಕೊಂಡ ಅಪ್ಪಂದಿರು, ಸೆರಗು ಸಿಕ್ಕಿಸಿಕೊಂಡ ಅತ್ತೆಯರು. ದಡದಲ್ಲಿ ಉಪ್ಪು ಖಾರ ಹಚ್ಚಿದ ಮಾವಿನಕಾಯಿ, ಮೀನು ಹುರಿಯುವ ಬಾಣಲೆ. ಮೀನಿನ ವಾಸನೆಗೆ ರೂಮ್‌ಮೇಟ್ ಸೋತಳು. ಒಂದು ಪ್ಲೇಟ್ ತಗೊಂಡು, ಮುಳ್ಳು ತೆಗೆಯುತ್ತಾ, ನಮ್ಮ ಕಡೆ ಹೊಳೆ ಮೀನಿಗೆ ಕಾಚಂಪುಳಿ ಅನ್ನೋ ಹುಳಿ ಹಾಕ್ತಾರೆ, ಇದಕ್ಕೆ ಬರೀ ಬಣ್ಣ ಹಾಕಿದ್ದಾರೆ ಅಂತ ಗೊಣಗಿದಳು. ಪ್ಲೇಟ್ ಮಾತ್ರ ಖಾಲಿ.

ಇಲ್ಲಿ ಮುಳುಗಿ ಸತ್ತವರ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಎಚ್ಚರಿಕೆಯ ಬೋರ್ಡೂ ಇದೆ. ಮೊಣಕಾಲುದ್ದದ ನೀರಿನಲ್ಲಿ ಹೇಗೆ ಮುಳುಗುತ್ತಾರೆ ಅಂತ ಮೊದಲು ಅನ್ನಿಸುತ್ತಿತ್ತು. ಕಟ್ಟೆಯ ಪಕ್ಕ ನಿಂತು ಕೆಳಗೆ ನೋಡಿದಾಗ, ಪುಸ್ತಕದ ಇಡೀ ಅಧ್ಯಾಯ ಕಣ್ಣೆದುರಿಗಿತ್ತು.

ಕಟ್ಟೆಯ ಇಳಿಜಾರಿನಲ್ಲಿ ನೀರು ತೆಳ್ಳಗೆ, ಬಹಳ ವೇಗವಾಗಿ ಓಡುತ್ತದೆ. ಕೆಳಗೆ ನಿಧಾನದ ಆಳದ ನೀರು. ಎರಡೂ ಸೇರುವಲ್ಲಿ ವೇಗದ ನೀರು ಒಮ್ಮೆಲೇ ಎದ್ದು ನಿಲ್ಲಲೇಬೇಕು. ಅದೇ ಹೈಡ್ರಾಲಿಕ್ ಜಂಪ್. ಅಲ್ಲಿ ನೀರು ಕುದಿಯುವ ಸಾರಿನ ಹಾಗೆ ಬಿಳಿ ನೊರೆಯಾಗಿ ಉರುಳುತ್ತಿರುತ್ತದೆ. ನಮಗೆ ಅದು ಒಳ್ಳೆಯದು ಅಂತ ಹೇಳಿಕೊಡುತ್ತಾರೆ, ನೀರಿನ ಶಕ್ತಿ ಅಲ್ಲೇ ಕಳೆದುಹೋಗಿ ಮುಂದಿನ ದಡ ಕೊರೆಯುವುದಿಲ್ಲ ಅಂತ. ಆದರೆ ಹರಿವು ಜಾಸ್ತಿ ಇದ್ದಾಗ ಆ ಉರುಳುವ ನೀರಿನ ಮೇಲ್ಮೈ ಮುಂದಕ್ಕೆ ಹರಿಯುವುದಿಲ್ಲ. ಹಿಂದಕ್ಕೆ, ಕಟ್ಟೆಯ ಕಡೆಗೇ ಎಳೆಯುತ್ತದೆ. ಅದರಲ್ಲಿ ಬಿದ್ದವರು ಈಜಿ ಹೊರಗೆ ಹೋಗಲು ನೋಡಿದಷ್ಟೂ ಅದು ವಾಪಸ್ ತಂದು ಇಳಿಯುವ ನೀರಿನ ಕೆಳಗೆ ತಳ್ಳುತ್ತದೆ. ನೊರೆಯಲ್ಲಿ ಗಾಳಿಯೇ ಜಾಸ್ತಿ ಇರುವುದರಿಂದ ಮೈ ತೇಲುವುದೂ ಕಮ್ಮಿ. ಈಜು ಬಂದರೂ ಉಪಯೋಗವಿಲ್ಲ.

ಒಂದು ಪಾಚಿ ಹಿಡಿದ ಕೋಲು ಹಾಗೆ ಸಿಕ್ಕಿಕೊಂಡಿತ್ತು. ಮುಂದೆ ಬರುತ್ತದೆ, ತಿರುಗುತ್ತದೆ, ಮುಳುಗುತ್ತದೆ, ಮತ್ತೆ ಅಲ್ಲೇ ಏಳುತ್ತದೆ. ನಾವು ಮಾವಿನಕಾಯಿ ತಿಂದು ಮುಗಿಸುವವರೆಗೂ ಅದು ಅಲ್ಲಿಂದ ಬಿಡಿಸಿಕೊಳ್ಳಲಿಲ್ಲ. ಎಚ್ಚರಿಕೆಯ ಬೋರ್ಡಿನಲ್ಲಿ ಬರೀ ಅಪಾಯ, ಈಜಬೇಡಿ ಅಂತ ಬರೆದರೆ ಯಾರು ಕೇಳುತ್ತಾರೆ? ಆ ಕೋಲಿನ ಚಿತ್ರ ಬರೆದು ತೋರಿಸಬೇಕು. ಹತ್ತು ಹದಿನೈದು ಹುಡುಗರು ಅದೇ ನೊರೆಯ ಅಂಚಿನಲ್ಲಿ ಸೆಲ್ಫಿ ತೆಗೆಯುತ್ತಿದ್ದರು. ರೂಮ್‌ಮೇಟ್ ಹೋಗಿ ಹೇಳಿಯೇಬಿಟ್ಟಳು. ಒಬ್ಬ ನಕ್ಕ. ಇನ್ನೊಬ್ಬ ಕೋಲನ್ನು ಸ್ವಲ್ಪ ಹೊತ್ತು ನೋಡಿ, ಬಾರೋ ಈಚೆ ಅಂತ ಗೆಳೆಯನ ಕೈ ಹಿಡಿದು ಎಳೆದ.

ಶುಕ್ರವಾರ

ಪಶ್ಚಿಮವಾಹಿನಿ. ಪೂರ್ವಕ್ಕೆ ಹರಿಯುವ ಕಾವೇರಿ ಇಲ್ಲಿ ಸ್ವಲ್ಪ ದೂರ ಪಶ್ಚಿಮಕ್ಕೆ ತಿರುಗುತ್ತಾಳೆ. ಅದಕ್ಕೇ ಅಸ್ಥಿ ಬಿಡಲು ಜನ ದೂರದೂರದಿಂದ ಇಲ್ಲಿಗೆ ಬರುತ್ತಾರೆ. 1948ರಲ್ಲಿ ಗಾಂಧೀಜಿಯ ಚಿತಾಭಸ್ಮದ ಒಂದು ಭಾಗವನ್ನೂ ಇಲ್ಲೇ ಬಿಟ್ಟರು. ಹಳೆಯ ಕಲ್ಲಿನ ಮಂಟಪಗಳು, ಅರಳಿಮರ, ನದಿಗೆ ಇಳಿಯುವ ಮೆಟ್ಟಿಲು. ಜಾಗ ಎಷ್ಟು ಚೆನ್ನಾಗಿದೆಯೋ ನೀರು ಅಷ್ಟೇ ಗಲೀಜು. ಕಾರ್ಯ ಮುಗಿಸಿದವರು ಉಟ್ಟ ಬಟ್ಟೆ ಬಿಟ್ಟು ಹೋಗುತ್ತಾರೆ. ಮಡಕೆ ಚೂರು, ಪ್ಲಾಸ್ಟಿಕ್ ಕವರಿನ ಸಮೇತ ಹೂವು. ಗಂಟು ಕಟ್ಟಿದ ಪಂಚೆಗಳು ಮೆಟ್ಟಿಲ ಬುಡದಲ್ಲಿ ಕೊಳೆಯುತ್ತಿದ್ದವು. ಸತ್ತವರಿಗೆ ಒಳ್ಳೆಯದಾಗಲಿ ಅಂತ ಮಾಡುವುದು ಸರಿ, ಕೆಳಗಿನ ಊರಿನವರು ಇದೇ ನೀರು ಕುಡಿಯುತ್ತಾರಲ್ಲ? ರೂಮ್‌ಮೇಟ್ ಅವತ್ತು ಮಾತೇ ಆಡಲಿಲ್ಲ. ಅಕ್ಟೋಬರ್‌ನಲ್ಲಿ ತಲಕಾವೇರಿಯ ತೀರ್ಥವನ್ನು ಅವರ ಮನೆಯಲ್ಲಿ ಸಣ್ಣ ಬಾಟಲಿಯಲ್ಲಿ ತಂದು ದೇವರ ಮನೆಯಲ್ಲಿ ಇಡುತ್ತಾರೆ. ಬೇಗ ವಾಪಸಾದೆವು.

ಶನಿವಾರ

ಹಾಸ್ಟೆಲಿನ ಗೇಟು ಸಂಜೆಯೇ ಹಾಕುತ್ತಾರೆ. ಹುಡುಗರ ಹಾಸ್ಟೆಲಿಗೆ ಅಷ್ಟು ಬಿಗಿ ಇಲ್ಲ, ಯಾಕೆ ಅಂತ ಕೇಳಿದರೆ ನಿಮ್ಮ ಒಳ್ಳೆಯದಕ್ಕೇ ಅನ್ನುತ್ತಾರೆ. ಶನಿವಾರ ಪತ್ರ ಬರೆದುಕೊಟ್ಟರೆ ಮಾತ್ರ ತಡವಾಗಿ ಬರಬಹುದು. ದೀಪ ನೋಡದೆ ಕೆಆರ್‌ಎಸ್‌ನ ಬೃಂದಾವನ ಉದ್ಯಾನಕ್ಕೆ ಹೋಗಿ ಏನು ಮಾಡುವುದು? ಪತ್ರ ಬರೆದೆವು.

ನಾನು ಹೋಗಿದ್ದು ಉದ್ಯಾನಕ್ಕಾದರೂ ನೋಡುತ್ತಾ ನಿಂತಿದ್ದು ಅಣೆಕಟ್ಟಿನ ಗೋಡೆಯನ್ನು. ಕೆಲಸ ಶುರುವಾಗಿದ್ದು 1911ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ಮುಖ್ಯ ಎಂಜಿನಿಯರ್ ವಿಶ್ವೇಶ್ವರಯ್ಯ. ಮುಗಿಯಲು ಇಪ್ಪತ್ತು ವರ್ಷ ಹಿಡಿಯಿತು. ಸಿಮೆಂಟಿಲ್ಲ, ಸುರ್ಕಿ ಗಾರೆ. ಸುಟ್ಟ ಇಟ್ಟಿಗೆಯ ಪುಡಿಯನ್ನು ಸುಣ್ಣಕ್ಕೆ ಬೆರೆಸಿದರೆ ಅದು ನೀರಿನಲ್ಲೂ ಗಟ್ಟಿಯಾಗುತ್ತದೆ. ಬರೀ ಸುಣ್ಣ ಹಾಗೆ ಆಗುವುದಿಲ್ಲ. ಪ್ರಯೋಗಶಾಲೆಯಲ್ಲಿ ಸಿಮೆಂಟ್ ಕ್ಯೂಬ್ ಒಡೆದು ಸುಸ್ತಾದವಳಿಗೆ, ಇಟ್ಟಿಗೆ ಪುಡಿ ಇಷ್ಟು ನೀರನ್ನು ತಡೆದು ನಿಂತಿರುವುದು ನೋಡಿ ತಲೆ ಕೆಟ್ಟಿತು. ತುಂಬಿದರೆ 124.80 ಅಡಿ, 49.45 ಟಿಎಂಸಿ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಮಂಡ್ಯ ಕಡೆ 124.80 ಅನ್ನುವುದು ಚಿಕ್ಕ ಮಕ್ಕಳಿಗೂ ಬಾಯಿಗೆ ಬರುತ್ತದೆ. ಮಳೆಗಾಲದಲ್ಲಿ ಪೇಪರ್ ಬಿಡಿಸಿದರೆ ಮೊದಲು ನೋಡುವುದೇ ಡ್ಯಾಮಿನ ಮಟ್ಟ.

ಉದ್ಯಾನ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕನಸು. 1927ರಲ್ಲಿ ಶುರುವಾಗಿ 1932ಕ್ಕೆ ಮುಗಿಯಿತು. ಕಾಶ್ಮೀರದ ಶಾಲಿಮಾರ್ ತೋಟದ ಮಾದರಿ. ಅಣೆಕಟ್ಟಿನ ಬುಡದಿಂದ ಹಂತ ಹಂತವಾಗಿ ಇಳಿಯುತ್ತದೆ, ನಡುವೆ ಕಾಲುವೆ, ಕಾರಂಜಿ. ಹಳೆಯ ಕನ್ನಡ ಸಿನಿಮಾದಲ್ಲಿ ನಾಯಕ ನಾಯಕಿ ಓಡುವ ಮೆಟ್ಟಿಲು ಇದೇ. ನಮ್ಮಮ್ಮನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಅಮ್ಮ ಮದುವೆ ಆದ ಹೊಸದರಲ್ಲಿ ಇಲ್ಲಿಗೆ ಬಂದಿದ್ದರಂತೆ. ಆಗಲೂ ಇಷ್ಟೇ ಜನ, ನಿಮ್ಮಪ್ಪ ಚಪ್ಪಲಿ ಕಳಕೊಂಡಿದ್ದರು ಅಂದರು. 2022ರ ಕೊನೆಯಲ್ಲಿ ಇಲ್ಲಿ ಚಿರತೆ ಕಾಣಿಸಿಕೊಂಡು ವಾರಗಟ್ಟಲೆ ಮುಚ್ಚಿದ್ದನ್ನು ಅಮ್ಮನಿಗೆ ಹೇಳಲಿಲ್ಲ.

ಕತ್ತಲಾದ ಮೇಲೆ ದೀಪ ಹಾಕಿದರು. ಆಚೆ ದಡದಲ್ಲಿ ಸಂಗೀತ ಕಾರಂಜಿ, ಎಲ್ಲರೂ ಆ ಕಡೆ ನುಗ್ಗಿದರು. ಚೆನ್ನಾಗಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಆದರೆ ಇಡೀ ಉದ್ಯಾನ ನೀರಿನ ಆಟ, ನದಿ ಎಲ್ಲಿ? ಆಚೆ ಹೋಗುವಾಗ ಸೇತುವೆಯ ಮೇಲೆ ನಿಂತು ಕೆಳಗೆ ನೋಡಿದರೆ ಅಲ್ಲಿದೆ, ದೀಪವಿಲ್ಲದೆ, ಕತ್ತಲಲ್ಲಿ. ಹಿಂದಿನಿಂದ ಮುಂದೆ ನಡೀರಿ, ಮುಂದೆ ನಡೀರಿ ಅಂತ ಸೀಟಿ. ದೊಡ್ಡ ಉದ್ಯಾನಗಳೆಲ್ಲ ನದಿಗೆ ಬೆನ್ನು ಹಾಕಿಯೇ ಕಟ್ಟಿದ್ದಾರೇನೋ ಅನ್ನಿಸಿತು. ಕೂತು ನದಿ ನೋಡಲು ಟಿಕೆಟ್ಟಿಲ್ಲದ ಜಾಗಗಳೇ ವಾಸಿ. ಆ ಜಾಗಗಳಿಗೆ ಬೇಕಾದದ್ದು ಕಾರಂಜಿ ಅಲ್ಲ. ಒಂದು ಕಸದ ಡಬ್ಬ, ಒಂದು ಶೌಚಾಲಯ, ಸಂಜೆ ಒಂದು ಬೀದಿ ದೀಪ. ಹುಡುಗಿಯರು ಯಾಕೆ ದಂಡೆಯಲ್ಲಿ ಜಾಸ್ತಿ ಹೊತ್ತು ಕೂರುವುದಿಲ್ಲ ಅಂತ ಕೇಳುವವರಿಗೆ ಉತ್ತರ ಈ ಮೂರರಲ್ಲೇ ಇದೆ.

ಭಾನುವಾರ

ಮರುದಿನ ಪರೀಕ್ಷೆ. ಬೆಳಗ್ಗೆ ಬೇಗ ಕರಿಘಟ್ಟ ಹತ್ತಿದೆವು, ಬಿಸಿಲಿಗೆ ಮುಂಚೆ ಇಳಿದು ಓದಬೇಕು ಅನ್ನುವ ಲೆಕ್ಕ. ಮೇಲೆ ಶ್ರೀನಿವಾಸನ ಗುಡಿ, ಕೆಳಗೆ ಲೋಕಪಾವನಿ ಬಂದು ಕಾವೇರಿಗೆ ಸೇರುತ್ತದೆ. ದಿನವೂ ತುಂಡು ತುಂಡಾಗಿ ನೋಡಿದ್ದ ಹೊಳೆ ಮೇಲಿನಿಂದ ಒಂದೇ ಸಲಕ್ಕೆ ಸಿಕ್ಕಿತು. ಅಲ್ಲಿ ದೇವಸ್ಥಾನದ ಗೋಪುರ, ಇಲ್ಲಿ ಗಂಜಾಂ, ಸುತ್ತ ಕಬ್ಬು, ಗದ್ದೆ, ತೆಂಗು. ದ್ವೀಪ ಅನ್ನುವುದು ನನಗೆ ಕಣ್ಣಾರೆ ಖಚಿತವಾಗಿದ್ದು ಆಗಲೇ. ರೂಮ್‌ಮೇಟ್ ಇಯರ್‌ಫೋನ್ ತೆಗೆದು ಜೇಬಿಗೆ ಹಾಕಿಕೊಂಡು, ನಮ್ಮೂರಿನ ನೀರು ಇಲ್ಲಿಗೆ ಬರಲು ಎಷ್ಟು ದಿನ ಬೇಕು ಹೇಳು ನೋಡೋಣ ಅಂದಳು. ನಡುವೆ ಕೆಆರ್‌ಎಸ್ ಇದೆಯಲ್ಲ, ಗೇಟು ತೆಗೆಯುವವರನ್ನು ಕೇಳಬೇಕು ಅಂದೆ.

ಇಳಿಯುವಾಗ ಮುಂದಿನ ಜಾಗದ ಬಗ್ಗೆ ಜಗಳ ಶುರುವಾಯಿತು. ಅವಳಿಗೆ ಶಿವನಸಮುದ್ರ. ನನಗೆ ತಲಕಾಡು, ಮರಳು ನೋಡಿದರೆ ಊರಿಗೆ ಹೋದ ಹಾಗೆ. ಶಿವನಸಮುದ್ರದಲ್ಲಿ ಈಗ ನೀರು ಎಲ್ಲಿರುತ್ತೆ, ಆಗಸ್ಟ್‌ನಲ್ಲಿ ಹೋಗೋಣ ಅಂತ ಅವಳನ್ನು ಒಪ್ಪಿಸಿದೆ. ಬಸ್ಸಿನಲ್ಲಿ ಕಂಡಕ್ಟರ್‌ ಹತ್ತಿರ ತಲಕಾಡಿಗೆ ಹೇಗೆ ಹೋಗುವುದು ಅಂತ ಕೇಳಿದೆವು. ಮೈಸೂರಿಗೆ ಹೋಗಿ ಬೆಳಗ್ಗೆಯೇ ಬಸ್ ಹಿಡೀರಿ, ಹನ್ನೊಂದು ಗಂಟೆ ಮೇಲೆ ಆ ಮರಳಿನಲ್ಲಿ ಬರಿಗಾಲು ಇಡಕ್ಕಾಗಲ್ಲ ಅಂದರು. ಕೊನೆಯ ಪೇಪರ್ ಮುಗಿದ ಮರುದಿನಕ್ಕೆ ಗೊತ್ತು ಮಾಡಿಕೊಂಡಿದ್ದೇವೆ. ಪಕ್ಕದ ರೂಮಿನವಳೂ ಬರುತ್ತಾಳಂತೆ.